ಡ್ರೈವರ್ ಮುಂದಿನ ಮೀಟರ್ ಬೋರ್ಡ್ ಬದಲು ನಡುವೆ ಟಚ್‌ಸ್ಕ್ರೀನ್: ಕಾರಿನಲ್ಲಿ ನಾವೇ ಕೂರಿಸುವ ಬಗೆ

ಮೀಟರ್ ಬೋರ್ಡಿನ ಹಿಂದಿನ ಕನೆಕ್ಟರ್ ಕಿತ್ತು ಕಾರನ್ನು ಸ್ಟಾರ್ಟ್ ಮಾಡಿದರೆ ಏನಾಗುತ್ತದೆ? ಕೆಲವು ಹಳೆಯ ಕಾರುಗಳಲ್ಲಿ ಎಂಜಿನ್ ಎಂದಿನಂತೆ ಓಡುತ್ತದೆ, ಆದರೆ ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಕೆಲವದರಲ್ಲಿ ಎಂಜಿನ್ ಹತ್ತಿಕೊಂಡು ಒಂದೆರಡು ಸೆಕೆಂಡಿಗೆಲ್ಲ ಆರಿಹೋಗುತ್ತದೆ. ಇನ್ನು ಕೆಲವದರಲ್ಲಿ ಎಬಿಎಸ್, ಪವರ್ ಸ್ಟೀರಿಂಗ್, ಏರ್‌ಬ್ಯಾಗ್ ಒಂದಾದ ಮೇಲೊಂದು ದೋಷದ ಕೋಡ್ ಬರೆದುಕೊಳ್ಳುತ್ತವೆ. ನಮ್ಮ ಕಣ್ಣಿಗೆ ಮೀಟರ್ ಬೋರ್ಡ್ ಎಂದರೆ ಮುಳ್ಳು ಮತ್ತು ದೀಪಗಳ ಫಲಕ. ಕಾರಿನ ಮಟ್ಟಿಗೆ ಅದು ಹತ್ತಾರು ಕೆಲಸ ಹೊತ್ತ ಕಂಪ್ಯೂಟರು.

ಈ ಕೆಲಸವನ್ನು ನಾನು ಎರಡು ಕಾರುಗಳಲ್ಲಿ ಮಾಡಿದ್ದೇನೆ. ಮೊದಲನೆಯದರಲ್ಲಿ ಹಳೆಯ ಮೀಟರನ್ನು ಬಿಚ್ಚಿ ಕಪಾಟಿಗೆ ಎಸೆದು, ಆಮೇಲೆ ಮೂರು ತಿಂಗಳು ಒಂದೊಂದೇ ಸಮಸ್ಯೆಯ ಬೆನ್ನು ಹತ್ತಿದೆ. ಎರಡನೆಯದರಲ್ಲಿ ದಾರಿ ಬದಲಿಸಿದೆ: ಮೀಟರನ್ನು ಕಣ್ಣಮುಂದಿನಿಂದ ತೆಗೆದೆ, ಕಾರಿನಿಂದ ತೆಗೆಯಲಿಲ್ಲ. ಅದು ಡ್ಯಾಶ್‌ಬೋರ್ಡಿನ ಒಳಗೆ ಕೂತು ತನ್ನ ಕೆಲಸ ಮಾಡಿಕೊಂಡಿರುತ್ತದೆ. ಮಾಹಿತಿ ತೋರಿಸುವ ಕೆಲಸ ಮಾತ್ರ ನಡುವಿನ ಟಚ್‌ಸ್ಕ್ರೀನಿಗೆ ಹೋಗುತ್ತದೆ. ಇಲ್ಲಿ ವಿವರಿಸುತ್ತಿರುವುದು ಈ ಎರಡನೆಯ ದಾರಿಯನ್ನು.

ಇದು ಹೊಂದುವುದು ಮುಳ್ಳಿನ ಮೀಟರ್ ಇರುವ, ಸುಮಾರು 2000ದಿಂದ 2015ರ ನಡುವಿನ ಕಾರುಗಳಿಗೆ. ಲೇನ್ ಕಾಯುವ, ತಾನೇ ಬ್ರೇಕ್ ಹಾಕುವ ವ್ಯವಸ್ಥೆಗಳಿರುವ ಹೊಸ ಕಾರುಗಳಲ್ಲಿ ಕೈ ಹಾಕಬೇಡಿ. ಅವುಗಳ ಎಚ್ಚರಿಕೆಗಳೆಲ್ಲ ಮೀಟರಿನ ಮೂಲಕವೇ ಬರುತ್ತವೆ, ಅವನ್ನು ಪೂರ್ತಿಯಾಗಿ ನಕಲು ಮಾಡುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ.

ಸ್ಪ್ಯಾನರ್ ಹಿಡಿಯುವ ಮೊದಲು

ಮೀಟರ್ ನಡುವೆ ಇರುವುದು ಹೊಸತೇನಲ್ಲ. 1959ರ ಮಿನಿಯಲ್ಲಿ ದೊಡ್ಡ ದುಂಡು ಸ್ಪೀಡೋಮೀಟರ್ ಡ್ಯಾಶ್‌ಬೋರ್ಡಿನ ನಟ್ಟನಡುವೆ ಇತ್ತು. ಟಾಟಾ ನ್ಯಾನೋ, ಟೊಯೋಟ ಇಟಿಯೋಸ್ ಕಾರುಗಳಲ್ಲೂ ಹಾಗೆಯೇ. 2017ರಲ್ಲಿ ಬಂದ ಟೆಸ್ಲಾ ಮಾಡೆಲ್ 3 ಡ್ರೈವರ್ ಮುಂದಿನ ಮೀಟರನ್ನು ಪೂರ್ತಿ ಕೈಬಿಟ್ಟು ಎಲ್ಲವನ್ನೂ 15 ಇಂಚಿನ ನಡುಪರದೆಗೆ ತಂದಿತು. ಆದರೆ ಇವೆಲ್ಲ ಹುಟ್ಟುವಾಗಲೇ ಹಾಗೆ ರೂಪುಗೊಂಡ ಕಾರುಗಳು. ಮಾಡೆಲ್ 3ರಲ್ಲಿ ವೇಗದ ಅಂಕಿ ಡ್ರೈವರಿಗೆ ಹತ್ತಿರದ ಮೂಲೆಯಲ್ಲೇ ಇರುವುದು ಆಕಸ್ಮಿಕವಲ್ಲ.

ಗಂಟೆಗೆ 100 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ರಸ್ತೆಯಿಂದ ಕಣ್ಣು ಎರಡು ಸೆಕೆಂಡ್ ಕದಲಿದರೆ 56 ಮೀಟರ್ ಕುರುಡಾಗಿ ಓಡಿಸಿದ ಹಾಗೆ. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಪರದೆಯ ಮೇಲಿನ ಯಾವುದೇ ಕೆಲಸಕ್ಕೆ ಒಂದು ನೋಟ 2 ಸೆಕೆಂಡ್ ಮೀರಬಾರದು, ಎಲ್ಲ ನೋಟಗಳೂ ಸೇರಿ 12 ಸೆಕೆಂಡ್ ದಾಟಬಾರದು ಎಂದು ಹೇಳಿದೆ. ಪರದೆಯ ಮೇಲೆ ಏನಿಡಬೇಕು, ಏನು ಬೇಡ ಎಂದು ತೀರ್ಮಾನಿಸುವಾಗ ಈ ಎರಡು ಅಂಕಿ ನಿಮ್ಮ ತಲೆಯಲ್ಲಿರಲಿ.

ಕಾನೂನಿನ ವಿಚಾರ. ವಿಶ್ವಸಂಸ್ಥೆಯ ವಾಹನ ನಿಯಮ 39ರ ಪ್ರಕಾರ ಸ್ಪೀಡೋಮೀಟರ್ ಡ್ರೈವರಿನ ನೇರ ನೋಟದೊಳಗಿರಬೇಕು, ಹಗಲು ರಾತ್ರಿ ಎರಡರಲ್ಲೂ ಸ್ಪಷ್ಟವಾಗಿ ಓದಲು ಬರಬೇಕು. ತೋರಿಸುವ ವೇಗ ನಿಜವಾದ ವೇಗಕ್ಕಿಂತ ಎಂದಿಗೂ ಕಡಿಮೆಯಾಗಬಾರದು. ಹೆಚ್ಚು ತೋರಿಸಿದರೂ ನಿಜವೇಗದ ಹತ್ತನೇ ಒಂದು ಪಾಲು ಮತ್ತು 4 ಕಿ.ಮೀ. ಸೇರಿದಷ್ಟೇ ಮಿತಿ. ಅಂದರೆ ನಿಜವಾಗಿ 100ರಲ್ಲಿ ಹೋಗುವಾಗ ಮೀಟರ್ 100ರಿಂದ 114ರ ನಡುವೆ ತೋರಿಸಬೇಕು, 99 ತೋರಿಸಿದರೆ ತಪ್ಪು. ದೀಪಗಳ ಗಾತ್ರಕ್ಕೂ ಇಂಥದೇ ಬಿಗಿ ಇದೆ. ಬ್ರೇಕ್, ಪಾರ್ಕ್, ಎಬಿಎಸ್ ಎಚ್ಚರಿಕೆಯ ಅಕ್ಷರಗಳು ಚಿಕ್ಕದಾಗಿವೆ ಎಂಬ ಒಂದೇ ಕಾರಣಕ್ಕೆ 2024ರ ಆರಂಭದಲ್ಲಿ ಟೆಸ್ಲಾ ಅಮೆರಿಕದಲ್ಲಿ ಸುಮಾರು 22 ಲಕ್ಷ ಕಾರುಗಳ ಸಾಫ್ಟ್‌ವೇರ್ ತಿದ್ದಬೇಕಾಯಿತು. ನಿಮ್ಮ ಕಾರು ನೋಂದಣಿಯಾದ ಕಡೆ ಇಂಥ ಮಾರ್ಪಾಡಿಗೆ ಅನುಮತಿ ಬೇಕೇ, ವಿಮೆ ಉಳಿಯುತ್ತದೆಯೇ ಎಂದು ಮೊದಲೇ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಅನುಮತಿ ಇಲ್ಲ ಎಂದಾದರೆ ಇಲ್ಲಿ ಹೇಳಿರುವುದನ್ನು ಹಳೆಯ ಮೀಟರ್ ತನ್ನ ಜಾಗದಲ್ಲೇ ಇರುವಾಗ ಹೆಚ್ಚುವರಿ ಪರದೆಯಾಗಿ ಮಾಡಿಕೊಳ್ಳಬಹುದು. ಕೆಲಸದ ಮುಕ್ಕಾಲು ಪಾಲು ಎರಡಕ್ಕೂ ಒಂದೇ.

ಹಂತ 1: ಮೀಟರ್ ಏನೇನು ಮಾಡುತ್ತಿದೆ ಎಂದು ತಿಳಿಯುವುದು

ನಿಮ್ಮ ಕಾರಿನ ಅದೇ ಮಾದರಿ, ಅದೇ ವರ್ಷ, ಅದೇ ಎಂಜಿನ್ನಿನ ವೈರಿಂಗ್ ನಕ್ಷೆ ಬೇಕು. ಹತ್ತಿರದ ವರ್ಷದ್ದು ಸಾಲದು, ಪಿನ್‌ಗಳು ಸದ್ದಿಲ್ಲದೆ ಜಾಗ ಬದಲಿಸಿರುತ್ತವೆ. ಮೀಟರಿನ ಕನೆಕ್ಟರಿನ ಪ್ರತಿ ಪಿನ್ನಿಗೂ ಒಂದು ಸಾಲಿನಂತೆ ಪಟ್ಟಿ ಬರೆಯಿರಿ: ತಂತಿಯ ಬಣ್ಣ, ಎಲ್ಲಿಂದ ಬರುತ್ತದೆ, ಇಗ್ನಿಷನ್ ಆಫ್ ಇದ್ದಾಗ ಎಷ್ಟು ವೋಲ್ಟ್, ಆನ್ ಇದ್ದಾಗ ಎಷ್ಟು, ಎಂಜಿನ್ ಓಡುವಾಗ ಎಷ್ಟು. ಬೇಸರದ ಕೆಲಸ, ಒಂದು ಇಡೀ ದಿನ ಹಿಡಿಯುತ್ತದೆ. ಆದರೆ ಮುಂದಿನ ಎಲ್ಲ ಹಂತಗಳಲ್ಲೂ ನಿಮ್ಮ ಕೈ ಹಿಡಿಯುವುದು ಈ ಹಾಳೆಯೇ.

ಪಟ್ಟಿ ಮಾಡುತ್ತಾ ನಾಲ್ಕು ವಿಷಯ ಹುಡುಕಿ.

ಇಮೊಬಿಲೈಸರ್, ಅಂದರೆ ಸರಿಯಾದ ಕೀಲಿ ಇಲ್ಲದೆ ಎಂಜಿನ್ ಓಡದಂತೆ ತಡೆಯುವ ವ್ಯವಸ್ಥೆ, ಎಲ್ಲಿದೆ? 2000ದ ಆಸುಪಾಸಿನ ಫೋಕ್ಸ್‌ವ್ಯಾಗನ್ ಗುಂಪಿನ ಅನೇಕ ಕಾರುಗಳಲ್ಲಿ ಅದು ಮೀಟರಿನ ಒಳಗೇ ಇದೆ. ಕೀಲಿಯ ಸುತ್ತಲಿನ ಸುರುಳಿಯ ತಂತಿ ನೇರ ಮೀಟರಿಗೆ ಬರುತ್ತದೆ. ಮೀಟರ್ ಇಲ್ಲ ಎಂದರೆ ಎಂಜಿನ್ನಿಗೆ ಅಪ್ಪಣೆ ಇಲ್ಲ.

ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಹೇಗೆ ಎಚ್ಚರಗೊಳ್ಳುತ್ತದೆ? ಹಳೆಯ ವಿನ್ಯಾಸದಲ್ಲಿ ಇಗ್ನಿಷನ್ ಹಾಕಿದಾಗ ಕೆಂಪು ಬ್ಯಾಟರಿ ದೀಪದ ಮೂಲಕ ಹರಿಯುವ ಸಣ್ಣ ಕರೆಂಟೇ ಆಲ್ಟರ್ನೇಟರಿನ ಒಳಗಿನ ಸುರುಳಿಗೆ ಮೊದಲ ಕಾಂತೀಯತೆ ಕೊಡುತ್ತದೆ. ಆ ದೀಪ ಕಿತ್ತರೆ ಚಾರ್ಜಿಂಗ್ ಶುರುವಾಗುವುದೇ ಇಲ್ಲ, ಇಲ್ಲವೇ ಎಂಜಿನ್ ಜೋರಾಗಿ ಎಳೆದಾಗ ಮಾತ್ರ ಶುರುವಾಗುತ್ತದೆ. ಅದರ ಜಾಗದಲ್ಲಿ ಬರೀ ಎಲ್‌ಇಡಿ ಹಾಕಿದರೆ ಅಷ್ಟು ಕರೆಂಟ್ ಹರಿಯದು. ನನ್ನ ಮೊದಲ ಕಾರು ರಾತ್ರಿ ಹೊತ್ತು ಹೆಡ್‌ಲೈಟ್ ಮಂಕಾಗಿ ನಿಂತದ್ದು ಈ ಕಾರಣಕ್ಕೆ.

ಮೀಟರ್ ಎರಡು ಡೇಟಾ ಜಾಲಗಳ ನಡುವಿನ ಸೇತುವೆಯೇ? ಎಂಜಿನ್ನಿನ ಕ್ಯಾನ್ ಜಾಲದಿಂದ (ಕಾರಿನ ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡುವ ಎರಡು ತಂತಿಯ ಜಾಲ) ಬಾಗಿಲು, ಎಸಿ, ರೇಡಿಯೋ ಇರುವ ಜಾಲಕ್ಕೆ ಸುದ್ದಿ ದಾಟಿಸುವ ಕೆಲಸ ಕೆಲವು ಕಾರುಗಳಲ್ಲಿ ಮೀಟರಿನದು.

ಕೊನೆಯದಾಗಿ, ಯಾವ ದೀಪ ಯಾವುದರಿಂದ ಹತ್ತುತ್ತದೆ, ಯಾವ ಶಬ್ದ ಎಲ್ಲಿಂದ ಬರುತ್ತದೆ? ಇಂಡಿಕೇಟರಿನ ಟಿಕ್ ಟಿಕ್ ಕೂಡ ಅನೇಕ ಕಾರುಗಳಲ್ಲಿ ಮೀಟರಿನೊಳಗಿನ ಸ್ಪೀಕರಿನದು.

ಓಡೋಮೀಟರ್ ಬಗ್ಗೆ ಬೇರೆಯಾಗಿ ಹೇಳಬೇಕು. ಓಡಿದ ಕಿಲೋಮೀಟರ್ ಉಳಿಯುವುದು ಮೀಟರಿನ ಮೆಮೊರಿ ಚಿಪ್ಪಿನಲ್ಲಿ. ಅದು ಎಣಿಸುವುದನ್ನು ನಿಲ್ಲಿಸಿದರೆ, ಕಾರು ಮಾರುವ ದಿನ ನೀವು ಎಷ್ಟೇ ಪ್ರಾಮಾಣಿಕರಾದರೂ ಅಂಕಿ ಸುಳ್ಳಾಗಿರುತ್ತದೆ. ಅನೇಕ ದೇಶಗಳಲ್ಲಿ ಅದು ಅಪರಾಧ ಕೂಡ. ಹಳೆಯ ಮೀಟರನ್ನು ಕಾರಿನಲ್ಲೇ ಜೀವಂತ ಇಡಬೇಕೆನ್ನಲು ನನಗೆ ಇದೊಂದೇ ಕಾರಣ ಸಾಕು.

ಹಂತ 2: ಮಾಹಿತಿ ಎಲ್ಲಿಂದ ತರುವುದು

ಮೂರು ದಾರಿಗಳಿವೆ. ಹೆಚ್ಚಿನವರು ಮೊದಲನೆಯದರಲ್ಲೇ ನಿಂತುಬಿಡುತ್ತಾರೆ, ಅದು ಸಾಲದು.

ಮೊದಲನೆಯದು ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಓಬಿಡಿ ಸಾಕೆಟ್, ಅಂದರೆ ಮೆಕ್ಯಾನಿಕ್ ತನ್ನ ಸ್ಕ್ಯಾನರ್ ಸಿಕ್ಕಿಸುವ ಜಾಗ. ಅಮೆರಿಕದಲ್ಲಿ 1996ರಿಂದ, ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ ಇದು ಕಡ್ಡಾಯ. ಇದರಲ್ಲಿ 16ನೇ ಪಿನ್ ಬ್ಯಾಟರಿ, 4 ಮತ್ತು 5 ಅರ್ಥ್, 6 ಮತ್ತು 14 ಕ್ಯಾನ್ ಜಾಲದ ಎರಡು ತಂತಿ. ಇಲ್ಲಿ ವ್ಯವಹಾರ ಪ್ರಶ್ನೆ–ಉತ್ತರದ್ದು. ನೀವು 7ಡಿಎಫ್ ಎಂಬ ವಿಳಾಸಕ್ಕೆ ಪ್ರಶ್ನೆ ಕಳಿಸುತ್ತೀರಿ, ಎಂಜಿನ್ ಕಂಪ್ಯೂಟರ್ 7ಇ8ರಿಂದ ಉತ್ತರಿಸುತ್ತದೆ. ಪ್ರತಿ ಪ್ರಶ್ನೆಗೂ ಒಂದು ಸಂಕೇತ ಇದೆ. 0ಸಿ ಕೇಳಿದರೆ ಎಂಜಿನ್ ಸುತ್ತು: ಮೊದಲ ಬೈಟನ್ನು 256ರಿಂದ ಗುಣಿಸಿ, ಎರಡನೆಯದನ್ನು ಕೂಡಿಸಿ, 4ರಿಂದ ಭಾಗಿಸಬೇಕು. 12 ಮತ್ತು 128 ಬಂದರೆ 3,200ರ ಕಾಲು ಭಾಗ, ಅಂದರೆ ನಿಮಿಷಕ್ಕೆ 800 ಸುತ್ತು. 0ಡಿ ವೇಗ, ಬಂದ ಬೈಟೇ ಗಂಟೆಗೆ ಕಿ.ಮೀ. 05 ಕೂಲಂಟ್ ಉಷ್ಣತೆ, ಬಂದದ್ದರಿಂದ 40 ಕಳೆಯಬೇಕು. 130 ಎಂದರೆ 90 ಡಿಗ್ರಿ. 2ಎಫ್ ಇಂಧನದ ಮಟ್ಟ, ಆದರೆ ಇದಕ್ಕೆ ಅನೇಕ ಕಾರುಗಳು ಉತ್ತರ ಕೊಡುವುದೇ ಇಲ್ಲ.

ಕಲಿಯಲು ಇದು ಒಳ್ಳೆಯ ಆರಂಭ, ಸುರಕ್ಷಿತವೂ ಹೌದು. ಆದರೆ ಕೇಳಿದಾಗ ಮಾತ್ರ ಉತ್ತರ ಬರುವುದರಿಂದ ಮುಳ್ಳು ಕುಂಟುತ್ತಾ ಏರುತ್ತದೆ. ಅಗ್ಗದ ಬ್ಲೂಟೂತ್ ಅಡಾಪ್ಟರ್ ಆದರಂತೂ ನೀವು ಆಕ್ಸಿಲರೇಟರ್ ಬಿಟ್ಟು ಸ್ವಲ್ಪ ಹೊತ್ತಾದ ಮೇಲಷ್ಟೇ ಸುತ್ತು ಇಳಿಯುವುದು ಕಾಣುತ್ತದೆ. ಅದಕ್ಕಿಂತ ದೊಡ್ಡ ಕೊರತೆಯೆಂದರೆ ಆಯಿಲ್ ಪ್ರೆಷರ್, ಹ್ಯಾಂಡ್‌ಬ್ರೇಕ್, ಇಂಡಿಕೇಟರ್, ಹೈಬೀಮ್, ಏರ್‌ಬ್ಯಾಗ್ ಇವು ಯಾವುವೂ ಈ ಸಾಮಾನ್ಯ ಪ್ರಶ್ನೆಪಟ್ಟಿಯಲ್ಲಿ ಇಲ್ಲ.

ಎರಡನೆಯ ದಾರಿ ಜಾಲದ ಮಾತನ್ನು ಸುಮ್ಮನೆ ಕದ್ದು ಕೇಳುವುದು. ಬಾಷ್ ಕಂಪನಿ 1986ರಲ್ಲಿ ಹೊರತಂದ ಕ್ಯಾನ್ ವ್ಯವಸ್ಥೆಯಲ್ಲಿ ಪ್ರತಿ ಕಂಪ್ಯೂಟರೂ ತನ್ನ ಸುದ್ದಿಯನ್ನು ಎಲ್ಲರಿಗೂ ಕೇಳುವಂತೆ ಸೆಕೆಂಡಿಗೆ ಹತ್ತಾರು ಸಲ ಸಾರುತ್ತಿರುತ್ತದೆ. ಮೀಟರ್ ಕೂಡ ಅದನ್ನೇ ಕೇಳಿ ಮುಳ್ಳು ತಿರುಗಿಸುತ್ತದೆ. ನಾವೂ ಅಲ್ಲೇ ಕಿವಿ ಇಟ್ಟರೆ ಮೀಟರಿನಷ್ಟೇ ಚುರುಕಾಗಿ ಮಾಹಿತಿ ಸಿಗುತ್ತದೆ. ತಂತಿ ಹಿಡಿಯಬೇಕಾದ್ದು ಮೀಟರಿನ ಕನೆಕ್ಟರಿನಲ್ಲಿ. ಏಕೆಂದರೆ ಗೇಟ್‌ವೇ (ಜಾಲಗಳ ನಡುವೆ ಕಾವಲಿಗೆ ನಿಂತ ಕಂಪ್ಯೂಟರ್) ಇರುವ ಕಾರುಗಳಲ್ಲಿ ಓಬಿಡಿ ಸಾಕೆಟ್ಟಿನಲ್ಲಿ ಪ್ರಶ್ನೆ ಕೇಳುವ ತನಕ ಮೌನ.

ತಂತಿ ಹಿಡಿಯುವ ಮುನ್ನ ಬ್ಯಾಟರಿ ತೆಗೆದು ಎರಡು ಕ್ಯಾನ್ ತಂತಿಗಳ ನಡುವೆ ರೆಸಿಸ್ಟೆನ್ಸ್ ಅಳೆಯಿರಿ. ಎಂಜಿನ್ನಿನ ಹೈಸ್ಪೀಡ್ ಜಾಲದ ಎರಡು ತುದಿಗಳಲ್ಲೂ 120 ಓಮ್ ಇರುವುದರಿಂದ ಮಲ್ಟಿಮೀಟರ್ 60 ಓಮ್ ತೋರಿಸಬೇಕು. ನೀವು ಕೊಳ್ಳುವ ಕ್ಯಾನ್ ಮಾಡ್ಯೂಲಿನ ಮೇಲೆ ಕೂಡ ಒಂದು 120 ಓಮ್ ಇರುತ್ತದೆ. ಅದನ್ನು ತೆಗೆಯದೆ ಜೋಡಿಸಿದರೆ ಒಟ್ಟು 40ಕ್ಕೆ ಇಳಿದು ಜಾಲ ತೊದಲತೊಡಗುತ್ತದೆ. ಜಂಪರ್ ಇದ್ದರೆ ಕೀಳಿ, ಇಲ್ಲದಿದ್ದರೆ ಬೆಸುಗೆ ಬಿಚ್ಚಿ. ಇಎಸ್‌ಪಿ32 ಎಂಬ ಮೈಕ್ರೊಕಂಟ್ರೋಲರ್ (ಪುಟ್ಟ ಕಂಪ್ಯೂಟರ್) ಚಿಪ್ಪಿನಲ್ಲಿ ಕ್ಯಾನ್ ನಿಯಂತ್ರಕ ಒಳಗೇ ಇದೆ, ಎಸ್‌ಎನ್65ಎಚ್‌ವಿಡಿ230ಯಂಥ 3.3 ವೋಲ್ಟಿನ, ಚಿಪ್ಪನ್ನು ಜಾಲದ ತಂತಿಗೆ ಜೋಡಿಸುವ ಟ್ರಾನ್ಸೀವರ್ ಒಂದನ್ನು ಸೇರಿಸಿದರೆ ಸಾಕು. ಅದನ್ನು ‘ಕೇಳುವುದು ಮಾತ್ರ’ ಎಂಬ ಸ್ಥಿತಿಯಲ್ಲೇ ಇಡಿ. ಆಗ ಅದು ಜಾಲದ ಮೇಲೆ ಒಂದು ಬಿಟ್ ಕೂಡ ಬರೆಯುವುದಿಲ್ಲ, ಸ್ವೀಕೃತಿಯ ಬಿಟ್ ಸಹ ಇಲ್ಲ. ಬ್ರೇಕ್, ಸ್ಟೀರಿಂಗ್ ಮಾತಾಡುವ ಜಾಲದ ಮೇಲೆ ನಮ್ಮ ಕೋಡಿನ ತಪ್ಪು ಹೋಗಬಾರದು. ಈ ಒಂದು ವಿಷಯದಲ್ಲಿ ನಾನು ಯಾವ ರಿಯಾಯಿತಿಯನ್ನೂ ಒಪ್ಪುವುದಿಲ್ಲ.

ಯಾವ ಸುದ್ದಿಯಲ್ಲಿ ಏನಿದೆ ಎಂದು ಪತ್ತೆ ಮಾಡುವುದು ತಾಳ್ಮೆಯ, ಆದರೆ ತುಂಬ ಖುಷಿಯ ಕೆಲಸ. ಲ್ಯಾಪ್‌ಟಾಪಿನಲ್ಲಿ ಜಾಲದ ಸುದ್ದಿ ತೋರಿಸುವ ಪ್ರೋಗ್ರಾಮುಗಳಾದ ಲಿನಕ್ಸ್‌ನ ಕ್ಯಾನ್‌ಸ್ನಿಫರ್ ಅಥವಾ ಸ್ಯಾವಿಕ್ಯಾನ್ ತೆರೆಯಿರಿ. ಇಗ್ನಿಷನ್ ಆನ್ ಮಾಡಿ, ಏನೂ ಮುಟ್ಟದೆ ಒಂದು ನಿಮಿಷ ಬಿಡಿ, ಸುಮ್ಮನೆ ಬದಲಾಗುತ್ತಿರುವ ಬೈಟುಗಳನ್ನು ಗುರುತು ಮಾಡಿ. ಈಗ ಬಲ ಇಂಡಿಕೇಟರ್ ಹಾಕಿ, ತೆಗೆಯಿರಿ, ಮತ್ತೆ ಹಾಕಿ. ಅದೇ ತಾಳದಲ್ಲಿ ಬದಲಾಗುವ ಬಿಟ್ ಯಾವುದೋ ಅದೇ ನಿಮಗೆ ಬೇಕಾದ್ದು. ಎಂಜಿನ್ ಹತ್ತಿಸಿ 1,500ರಲ್ಲಿ, 2,500ರಲ್ಲಿ ಹಿಡಿದು ನೋಡಿದರೆ ಸುತ್ತಿನ ಎರಡು ಬೈಟು ಸಿಗುತ್ತವೆ. ನಿಮ್ಮ ಕಾರಿನ ಡಿಬಿಸಿ ಕಡತ (ಯಾವ ಸುದ್ದಿಯಲ್ಲಿ ಏನಿದೆ ಎಂಬ ಪಟ್ಟಿ) ಬೇರೆಯವರು ಮಾಡಿಟ್ಟಿದ್ದರೆ ಅರ್ಧ ಕೆಲಸ ಮುಗಿದಂತೆ, ಆದರೆ ಪ್ರತಿಯೊಂದನ್ನೂ ನಿಮ್ಮ ಕಾರಿನಲ್ಲಿ ಪರೀಕ್ಷಿಸದೆ ನಂಬಬೇಡಿ.

ಮೂರನೆಯ ದಾರಿ ಸೆನ್ಸರಿನ ತಂತಿಯನ್ನೇ ಓದುವುದು, ಕ್ಯಾನ್ ಇಲ್ಲದ ಹಳೆಯ ಕಾರುಗಳಿಗೆ ಇದೊಂದೇ ಗತಿ. ಗೇರ್‌ಬಾಕ್ಸಿನ ವೇಗದ ಸೆನ್ಸರ್ ಪಲ್ಸ್ ಕೊಡುತ್ತದೆ. ಜಪಾನಿ ಲೆಕ್ಕದ ಕಾರುಗಳಲ್ಲಿ ಕೇಬಲ್ 60 ಕಿ.ಮೀ. ವೇಗಕ್ಕೆ ನಿಮಿಷಕ್ಕೆ 637 ಸುತ್ತು ತಿರುಗುತ್ತದೆ. ಸುತ್ತಿಗೆ ನಾಲ್ಕು ಪಲ್ಸ್ ಆದರೆ ಕಿಲೋಮೀಟರಿಗೆ 2,548 ಪಲ್ಸ್. ಇಂಧನದ ತೇಲುಬುರುಡೆಯದು ಬದಲಾಗುವ ರೆಸಿಸ್ಟೆನ್ಸ್. ಅದನ್ನು ಹಾಗೆಯೇ ತೋರಿಸಿದರೆ ತಿರುವಿನಲ್ಲಿ ಇಂಧನ ತುಳುಕಿ ಅಂಕಿ ಕುಣಿಯುತ್ತದೆ, ಅರ್ಧ ನಿಮಿಷದ ಸರಾಸರಿಯಾದರೂ ಬೇಕು. ಹಳೆಯ ಮೀಟರ್ ಈ ಸರಾಸರಿಯನ್ನು ಮಾಡಿ ಕ್ಯಾನ್ ಮೇಲೆ ಸಾರುತ್ತಿದ್ದರೆ ಅದನ್ನೇ ಬಳಸಿಕೊಳ್ಳಿ.

ಹಂತ 3: ಪರದೆ, ಮಿದುಳು, ಕರೆಂಟು

ಮಿದುಳು ಒಂದಲ್ಲ, ಎರಡು ಇರಲಿ. ಕ್ಯಾನ್ ಕೇಳುವುದು, ವೇಗದ ಅಂಕಿ, ಎಚ್ಚರಿಕೆಯ ದೀಪ ಇವು ಮೈಕ್ರೊಕಂಟ್ರೋಲರಿನ ಪಾಲಿಗೆ. ಅದು ಕರೆಂಟ್ ಬಂದ ಒಂದು ಸೆಕೆಂಡಿನೊಳಗೆ ಕೆಲಸಕ್ಕೆ ಸಿದ್ಧ. ಟಚ್‌ಸ್ಕ್ರೀನಿನ ಚಿತ್ರ, ನಕ್ಷೆ, ಹಾಡು ಇತ್ಯಾದಿ ರಾಸ್ಪ್‌ಬೆರಿ ಪೈನಂಥ, ಅಂಗೈಯಗಲದ ಕಂಪ್ಯೂಟರ್ ಆದ ಲಿನಕ್ಸ್ ಬೋರ್ಡಿಗೆ. ಅದು ಎದ್ದು ಕೂರಲು ಹತ್ತಿಪ್ಪತ್ತು ಸೆಕೆಂಡ್ ಬೇಕು, ಅಷ್ಟರಲ್ಲಿ ಕಾರು ಮನೆಯ ಗೇಟು ದಾಟಿರುತ್ತದೆ. ಎಲ್ಲವನ್ನೂ ಒಂದೇ ಬೋರ್ಡಿಗೆ ಹೊರಿಸಿದರೆ ಅದು ಕೈಕೊಟ್ಟ ಕ್ಷಣ ಡ್ರೈವರಿಗೆ ಏನೂ ಕಾಣದು.

ಮೆಮೊರಿಯ ಸವಕಳಿ ಸಣ್ಣ ವಿಷಯವಲ್ಲ. 2012–2018ರ ಟೆಸ್ಲಾ ಮಾಡೆಲ್ ಎಸ್ ಮತ್ತು 2016–2018ರ ಮಾಡೆಲ್ ಎಕ್ಸ್ ಕಾರುಗಳಲ್ಲಿ 8 ಜಿಬಿ ಫ್ಲ್ಯಾಶ್ ಚಿಪ್ ಬರೆದೂ ಬರೆದೂ ಸವೆದು ಪರದೆಯೇ ಸಾಯುತ್ತಿತ್ತು, 2021ರಲ್ಲಿ ಸುಮಾರು 1.35 ಲಕ್ಷ ಕಾರುಗಳನ್ನು ವಾಪಸ್ ಕರೆಯಬೇಕಾಯಿತು. ನಿಮ್ಮ ಬೋರ್ಡಿನಲ್ಲಿ ಕಡತವ್ಯವಸ್ಥೆಯನ್ನು ‘ಓದಲು ಮಾತ್ರ’ ಮಾಡಿ, ಲಾಗ್‌ಗಳನ್ನು ರ‍್ಯಾಮಿನಲ್ಲೇ ಇಡಿ. ಥಟ್ಟನೆ ಕರೆಂಟ್ ಹೋದಾಗ ಕಾರ್ಡ್ ಹಾಳಾಗುವುದೂ ಇದರಿಂದ ತಪ್ಪುತ್ತದೆ.

ಪರದೆ 8ರಿಂದ 10 ಇಂಚು ಸಾಕು. ಗಾತ್ರಕ್ಕಿಂತ ಬೆಳಕು ಮುಖ್ಯ: ಮೇಜಿನ ಮೇಲಿಡುವ 250–300 ನಿಟ್ (ನಿಟ್ ಎಂದರೆ ಬೆಳಕಿನ ಅಳತೆ) ಪರದೆ ಮಧ್ಯಾಹ್ನದ ಬಿಸಿಲಿಗೆ ಕಪ್ಪು ಗಾಜಾಗುತ್ತದೆ. 800ರಿಂದ 1,000 ನಿಟ್ ಇರುವ, ಗಾಜು ಮತ್ತು ಪರದೆಯ ನಡುವೆ ಗಾಳಿಯ ಪದರ ಇಲ್ಲದಂತೆ ಅಂಟಿಸಿದ ಪರದೆ ಆಯ್ದುಕೊಳ್ಳಿ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ತಾಳುವಷ್ಟು, ಅಂದರೆ 85 ಡಿಗ್ರಿವರೆಗೆ ಎಂದು ತಯಾರಕರೇ ಬರೆದಿರಬೇಕು. ಪೋಲರಾಯ್ಡ್ ತಂಪುಕನ್ನಡಕ ಹಾಕಿ ನೋಡುವುದನ್ನು ಮರೆಯಬೇಡಿ, ಕೆಲವು ಪರದೆಗಳು ಅದರೊಳಗಿನಿಂದ ಪೂರ್ತಿ ಮಾಯವಾಗುತ್ತವೆ.

ಕರೆಂಟಿನ ಮಾತಿಗೆ ಬಂದರೆ, ಕಾರಿನ 12 ವೋಲ್ಟ್ ಎಂಬುದು ಹೆಸರಿಗೆ ಮಾತ್ರ. ಓಡುವಾಗ 13.8ರಿಂದ 14.4 ಇರುತ್ತದೆ. ಸೆಲ್ಫ್ ಹೊಡೆಯುವಾಗ 6ರ ತನಕ ಕುಸಿಯಬಹುದು. ಚಾರ್ಜಿಂಗ್ ನಡೆಯುತ್ತಿರುವಾಗ ಬ್ಯಾಟರಿಯ ತಂತಿ ಸಡಿಲವಾದರೆ, ತಡೆ ಇಲ್ಲದ ವ್ಯವಸ್ಥೆಯಲ್ಲಿ ಒಂದು ಕ್ಷಣ 80–100 ವೋಲ್ಟಿಗೆ ಚಿಮ್ಮುತ್ತದೆ. ಹಾಗಾಗಿ ಮೊಬೈಲ್ ಚಾರ್ಜರ್ ನಂಬಬೇಡಿ. 6ರಿಂದ 40 ವೋಲ್ಟ್ ತಾಳುವ, ವಾಹನಕ್ಕೆಂದೇ ಮಾಡಿದ ಕನ್ವರ್ಟರ್, ಅದರ ಮುಂದೆ ಹೀಗೆ ಚಿಮ್ಮುವ ವೋಲ್ಟನ್ನು ತಡೆಯುವ ಟಿವಿಎಸ್ ಡಯೋಡ್, ಅದಕ್ಕೂ ಮುಂದೆ ಕರೆಂಟ್ ತೆಗೆದುಕೊಂಡ ಜಾಗದ ಪಕ್ಕದಲ್ಲೇ 5 ಆಂಪಿಯರ್ ಫ್ಯೂಸ್. ಪರದೆ 15 ವ್ಯಾಟ್, ಬೋರ್ಡ್ 10 ವ್ಯಾಟ್ ಎಂದರೂ ಸುಮಾರು 2 ಆಂಪಿಯರ್ ಅಷ್ಟೆ.

ಇಗ್ನಿಷನ್ ಆಫ್ ಆದೊಡನೆ ಮೈಕ್ರೊಕಂಟ್ರೋಲರ್ ಲಿನಕ್ಸ್ ಬೋರ್ಡಿಗೆ ಮಲಗಲು ಹೇಳಿ, ಅರ್ಧ ನಿಮಿಷದ ನಂತರ ಅದರ ಕರೆಂಟ್ ಕಡಿಯಬೇಕು. ಅರ್ಧ ಆಂಪಿಯರ್ ಎಳೆಯುತ್ತಾ ಎದ್ದೇ ಇದ್ದರೆ 45 ಆಂಪಿಯರ್-ಗಂಟೆಯ ಬ್ಯಾಟರಿ 90 ಗಂಟೆಯಲ್ಲಿ ಬರಿದು. ನಾಲ್ಕು ದಿನ ಊರಿಗೆ ಹೋಗಿ ಬಂದವರಿಗೆ ಕಾರು ಸ್ಟಾರ್ಟ್ ಆಗುವುದಿಲ್ಲ.

ಹಂತ 4: ಎಚ್ಚರಿಕೆಯ ದೀಪಗಳು ಡ್ರೈವರ್ ಮುಂದೆಯೇ ಉಳಿಯಲಿ

ಇಡೀ ಕೆಲಸದಲ್ಲಿ ನಾನು ಹೆಚ್ಚು ಹೊತ್ತು ಕೊಟ್ಟದ್ದು ಇದಕ್ಕೆ. ಆಯಿಲ್ ಪ್ರೆಷರ್ ಬಿದ್ದ ಎಂಜಿನ್ ಹಾಳಾಗಲು ಬಹಳ ಹೊತ್ತು ಬೇಡ, ಆ ಸುದ್ದಿ ಪಕ್ಕದ ಪರದೆಯ ಯಾವುದೋ ಪುಟದಲ್ಲಿ ಕೂತಿದ್ದರೆ ಪ್ರಯೋಜನವಿಲ್ಲ. ಹಳೆಯ ಮೀಟರಿನ ಜಾಗ ಮುಚ್ಚುವ ಫಲಕದ ಮೇಲ್ತುದಿಯಲ್ಲಿ, ಸ್ಟೀರಿಂಗಿನ ಮೇಲಿನಿಂದ ಕಾಣುವಂತೆ ನಿಜವಾದ ಎಲ್‌ಇಡಿಗಳ ಒಂದು ಪಟ್ಟಿ ಮಾಡಿ: ಆಯಿಲ್, ಬ್ರೇಕ್, ಚಾರ್ಜಿಂಗ್, ಉಷ್ಣತೆ, ಎಬಿಎಸ್, ಏರ್‌ಬ್ಯಾಗ್, ಎಂಜಿನ್, ಎರಡು ಇಂಡಿಕೇಟರ್, ಹೈಬೀಮ್. ಅದರ ನಡುವೆ ಮೂರು ಅಂಕಿಯ ಚಿಕ್ಕ ವೇಗದ ಫಲಕ. ನೇರ ನೋಟದ ನಿಯಮವನ್ನು ಪಾಲಿಸಲು ಇದು ಬೇಕು. ಟಚ್‌ಸ್ಕ್ರೀನ್ ನಿಂತುಹೋದ ದಿನ ಮನೆ ಮುಟ್ಟಿಸುವುದೂ ಇದೇ.

ಬಣ್ಣಗಳನ್ನು ಬದಲಿಸಬೇಡಿ. ಕೆಂಪು ಎಂದರೆ ನಿಲ್ಲಿಸು, ಹಳದಿ ಎಂದರೆ ಬೇಗ ತೋರಿಸು, ಹೈಬೀಮ್ ನೀಲಿ. ನಿಮ್ಮ ಕಾರನ್ನು ಬೇರೆಯವರೂ ಓಡಿಸುತ್ತಾರೆ.

ಆಯಿಲ್ ಸ್ವಿಚ್ ಸರಳ: ಒತ್ತಡ ಇಲ್ಲದಾಗ ತಂತಿಯನ್ನು ಅರ್ಥ್ ಮಾಡುತ್ತದೆ, ಒತ್ತಡ ಬಂದಾಗ ಬಿಡುತ್ತದೆ. ಆ ತಂತಿಗೆ ಆಪ್ಟೊಕಪ್ಲರ್ (ಎರಡು ಸರ್ಕ್ಯೂಟುಗಳ ನಡುವೆ ಬೆಳಕಿನಿಂದ ಮಾತ್ರ ಸುದ್ದಿ ದಾಟಿಸುವ ಬಿಡಿಭಾಗ) ಹಾಕಿ ಸಮಾಂತರವಾಗಿ ಓದಬಹುದು. ಹ್ಯಾಂಡ್‌ಬ್ರೇಕ್, ಬ್ರೇಕ್ ಆಯಿಲಿನ ಮಟ್ಟವೂ ಹಾಗೆಯೇ. ಎಬಿಎಸ್ ಹೆಚ್ಚಾಗಿ ಕ್ಯಾನ್ ಮೇಲೆ ಸಿಗುತ್ತದೆ.

ಏರ್‌ಬ್ಯಾಗ್ ತಂತಿಗೆ ಮಾತ್ರ ಕೈ ಹಚ್ಚಬೇಡಿ. ಮಲ್ಟಿಮೀಟರ್ ಕೂಡ ಇಡಬೇಡಿ. ಅದಕ್ಕೆ ನಾನು ಕಂಡುಕೊಂಡ ಉಪಾಯ ಬೆಳಕನ್ನೇ ಓದುವುದು. ಹಳೆಯ ಮೀಟರ್ ಒಳಗೆ ಜೀವಂತ ಇದೆಯಲ್ಲ, ಅದರ ಏರ್‌ಬ್ಯಾಗ್ ದೀಪದ ಮೇಲೆ ಫೋಟೋಟ್ರಾನ್ಸಿಸ್ಟರ್ ಒಂದನ್ನು ಕಪ್ಪು ರಬ್ಬರಿನ ಕೊಳವೆಯೊಳಗೆ ಕೂರಿಸಿ ಅಂಟಿಸಿದೆ. ಒಳಗೆ ದೀಪ ಹತ್ತಿದರೆ ಹೊರಗೆ ನನ್ನ ಎಲ್‌ಇಡಿ ಹತ್ತುತ್ತದೆ, ನಡುವೆ ಒಂದು ತಂತಿಯ ಸಂಬಂಧವೂ ಇಲ್ಲ. ಕ್ಯಾನ್ ಮೇಲೆ ಗುರುತು ಸಿಗದ ಬೇರೆ ದೀಪಗಳಿಗೂ ಆಮೇಲೆ ಇದನ್ನೇ ಬಳಸಿದೆ.

ಇಗ್ನಿಷನ್ ಹಾಕಿದಾಗ ಎಲ್ಲ ದೀಪಗಳೂ ಮೂರು ಸೆಕೆಂಡ್ ಹತ್ತಿ ಆರಬೇಕು. ಸತ್ತ ಎಲ್‌ಇಡಿ ಗೊತ್ತಾಗುವುದು ಆಗಲೇ.

ಹಂತ 5: ಪರದೆಯ ಮೇಲೆ ಏನು, ಎಲ್ಲಿ

ವೇಗ ಡ್ರೈವರ್ ಕಡೆಯ ಮೇಲ್ಮೂಲೆಯಲ್ಲಿ. ಯಾವ ಪುಟ ತೆರೆದರೂ ಅದು ಅಲ್ಲಿಂದ ಕದಲಬಾರದು, ಅದರ ಮೇಲೆ ಬೇರೇನೂ ಬಂದು ಕೂರಬಾರದು. ಎಪ್ಪತ್ತೈದು ಸೆಂ.ಮೀ. ದೂರದಿಂದ ಸಲೀಸಾಗಿ ಓದಲು ಅಕ್ಷರ ಸುಮಾರು 4.4 ಮಿ.ಮೀ. ಎತ್ತರ ಇರಬೇಕು. ಇದು ಸಾಮಾನ್ಯ ಬರಹದ ಮಾತು, ವೇಗದ ಅಂಕಿಗೆ 20 ಮಿ.ಮೀ.ಗಿಂತ ಕಡಿಮೆ ಬೇಡ. ಒತ್ತುವ ಗುಂಡಿಗಳು ಎರಡು ಸೆಂ.ಮೀ. ಅಗಲ ಇರಲಿ, ಓಡುವ ಕಾರಿನಲ್ಲಿ ಬೆರಳು ನಡುಗುತ್ತದೆ.

ಮುಳ್ಳಿನ ಚಿತ್ರ ಬಿಡಿಸಲು ಮನಸ್ಸು ಎಳೆಯುತ್ತದೆ. ವೇಗಕ್ಕೆ ಅಂಕಿ ಒಳ್ಳೆಯದು. ಸುತ್ತು ಮತ್ತು ಉಷ್ಣತೆಗೆ ಏರಿಳಿಯುವ ಬಣ್ಣದ ಪಟ್ಟಿ ಒಳ್ಳೆಯದು, ಏಕೆಂದರೆ ಅಲ್ಲಿ ನಮಗೆ ಬೇಕಾದ್ದು ‘ಎಷ್ಟು’ ಎಂಬುದಕ್ಕಿಂತ ‘ಎಲ್ಲಿಗೆ ಬಂತು’ ಎಂಬುದು.

ಅತಿ ಅಪಾಯದ ತಪ್ಪು ಯಾವುದೆಂದರೆ ಹೆಪ್ಪುಗಟ್ಟಿದ ಅಂಕಿ. ಡೇಟಾ ನಿಂತರೂ ಪರದೆ ಕೊನೆಯ 62 ಎಂಬುದನ್ನೇ ತೋರಿಸುತ್ತಿದ್ದರೆ ನೀವು ನಂಬಿಬಿಡುತ್ತೀರಿ. ಅರ್ಧ ಸೆಕೆಂಡ್ ಹೊಸ ಸುದ್ದಿ ಬರದಿದ್ದರೆ ಅಂಕಿ ಅಳಿದು ಗೀಟು ಬರಬೇಕು. ಪ್ರೋಗ್ರಾಮೇ ಸಿಕ್ಕಿಹಾಕಿಕೊಂಡರೆ ಅದನ್ನು ಕಾಯುತ್ತಿರುವ ವಾಚ್‌ಡಾಗ್ ಟೈಮರ್ ಮತ್ತೆ ಎಬ್ಬಿಸಬೇಕು.

ಹಜಾರ್ಡ್, ಇಂಡಿಕೇಟರ್, ವೈಪರ್, ಹಾರ್ನ್ ಇವನ್ನು ಪರದೆಗೆ ತರಲೇಬೇಡಿ. ಕಾರುಗಳ ಸುರಕ್ಷತೆಗೆ ಅಂಕ ಕೊಡುವ ಯುರೋ ಎನ್‌ಕ್ಯಾಪ್ ಸಂಸ್ಥೆ ಕೂಡ 2026ರಿಂದ ಇವುಗಳಿಗೆ ಕೈಗೆ ಸಿಗುವ ಸ್ವಿಚ್ ಇರುವ ಕಾರುಗಳಿಗೇ ಪೂರ್ತಿ ಅಂಕ ಕೊಡುವ ದಾರಿ ಹಿಡಿದಿದೆ.

ಹಂತ 6: ಒಂದು ತಿಂಗಳು ಜೊತೆಯಲ್ಲೇ ಓಡಿಸಿ

ಇಲ್ಲಿಯವರೆಗೆ ಹಳೆಯ ಮೀಟರ್ ತನ್ನ ಜಾಗದಲ್ಲೇ ಇದೆ. ಅದನ್ನು ಹಾಗೆಯೇ ಬಿಟ್ಟು ಹೊಸ ಪರದೆಯನ್ನು ತಾತ್ಕಾಲಿಕವಾಗಿ ಕೂರಿಸಿ ದಿನಾ ಓಡಿಸಿ. ಎರಡೂ ಬೇರೆ ಬೇರೆ ಹೇಳಿದ ಪ್ರತಿ ಸಲವೂ ಗಾಡಿ ನಿಲ್ಲಿಸಿ ಬರೆದುಕೊಳ್ಳಿ. ವೇಗವನ್ನು ನೇರ ರಸ್ತೆಯಲ್ಲಿ ಒಂದೇ ಸಮನೆ ಹೋಗುತ್ತಾ ಜಿಪಿಎಸ್ ಜೊತೆ ಹೋಲಿಸಿ, ಅಂಕಿಯನ್ನು ಪಕ್ಕದವರು ಬರೆಯಲಿ. ಟೈರಿನ ಅಳತೆ ಬದಲಿಸಿದ್ದರೆ ಇಲ್ಲೇ ಗೊತ್ತಾಗುತ್ತದೆ. ನಿಮ್ಮ ಅಂಕಿ ಜಿಪಿಎಸ್‌ಗಿಂತ ಒಂದೆರಡು ಕಿ.ಮೀ. ಹೆಚ್ಚೇ ಇರಲಿ.

ಹಂತ 7: ಬಿಚ್ಚುವುದು, ಕೂರಿಸುವುದು

ಬ್ಯಾಟರಿಯ ನೆಗೆಟಿವ್ ತೆಗೆದು ಹತ್ತು ನಿಮಿಷ ಕಾಯಿರಿ. ಏರ್‌ಬ್ಯಾಗ್ ವ್ಯವಸ್ಥೆಯ ಕೆಪಾಸಿಟರ್ ಖಾಲಿಯಾಗಬೇಕು. ಸ್ಟೀರಿಂಗನ್ನು ಪೂರ್ತಿ ಕೆಳಗಿಳಿಸಿ, ಪ್ಲಾಸ್ಟಿಕ್ ಸನಿಕೆಯಿಂದ ಅಂಚಿನ ಕವಚ ಬಿಡಿಸಿ. ಸಾಮಾನ್ಯವಾಗಿ ಎರಡರಿಂದ ನಾಲ್ಕು ಸ್ಕ್ರೂ. ಸ್ಟೀರಿಂಗಿನ ಏರ್‌ಬ್ಯಾಗ್ ಬಿಚ್ಚುವ ಅಗತ್ಯ ಬೀಳದಂತೆ ಯೋಜನೆ ಮಾಡಿ.

ಮೀಟರನ್ನು ಒಳಗೆ ಸರಿಸಲು ವಿಸ್ತರಣೆ ತಂತಿಗಳು ಬೇಕು. ಅದೇ ದಪ್ಪದ ತಂತಿ, ಕ್ರಿಂಪ್ ಮಾಡಿದ ಪಿನ್, ಅದೇ ಮಾದರಿಯ ಕನೆಕ್ಟರ್. ಮೂಲ ತಂತಿ ಕತ್ತರಿಸಬೇಡಿ, ನಡುವೆ ಸಿಕ್ಕಿಸುವ ಹಾಗೆ ಮಾಡಿ. ಕ್ಯಾನ್ ಜೋಡಿಯನ್ನು ಒಂದಕ್ಕೊಂದು ಹೆಣೆದು, ಆದಷ್ಟು ಗಿಡ್ಡವಾಗಿ ಒಯ್ಯಿರಿ. ಇಮೊಬಿಲೈಸರಿನ ಸುರುಳಿ ಮೀಟರಿಗೆ ಬರುವ ಕಾರಾದರೆ ಆ ತಂತಿ ಉದ್ದವಾದಷ್ಟೂ ಕೀಲಿ ಓದುವುದು ಕಷ್ಟ. ಅಂಥ ಕಾರಿನಲ್ಲಿ ಮೀಟರನ್ನು ಸ್ಟೀರಿಂಗ್ ಕಂಬದ ಹತ್ತಿರವೇ, ಹಳೆಯ ಗುಂಡಿಯೊಳಗೆ ಒಂದಿಷ್ಟು ಹಿಂದಕ್ಕೆ ಇಟ್ಟುಬಿಡಿ. ಓಡೋಮೀಟರಿನ ಅಂಕಿ ನೋಡಲು ಮುಚ್ಚಳವಿರುವ ಒಂದು ಕಿಂಡಿ ಬಿಡಿ. ಸರ್ವಿಸಿನವರು, ತಪಾಸಣೆಯವರು ಕೇಳುತ್ತಾರೆ.

ಪರದೆಯನ್ನು ಎರಡು ಬದಿ ಅಂಟಿನ ಟೇಪಿನಿಂದ ಹಚ್ಚಬೇಡಿ. ಡಿಕ್ಕಿಯಲ್ಲಿ ಅದು ಹಾರಿ ಬರುತ್ತದೆ. ಡ್ಯಾಶ್‌ಬೋರ್ಡಿನ ಹಿಂದಿನ ಉಕ್ಕಿನ ಅಡ್ಡತೊಲೆಗೆ ಬ್ರಾಕೆಟ್ ಬಿಗಿಯಿರಿ. ಪಕ್ಕದ ಸೀಟಿನ ಏರ್‌ಬ್ಯಾಗ್ ತೆರೆಯುವ ದಾರಿಯಲ್ಲಿ, ಗಾಜಿನಾಚೆಯ ನೋಟಕ್ಕೆ ಅಡ್ಡವಾಗಿ, ಎಸಿ ಕಿಂಡಿಯ ಮುಂದೆ ಇಡಬಾರದು. ಅಂಚುಗಳು ಚೂಪಾಗಿರದೆ ಕನಿಷ್ಠ 2.5 ಮಿ.ಮೀ. ತ್ರಿಜ್ಯದಲ್ಲಿ ದುಂಡಾಗಿರಲಿ, ತಲೆ ತಗಲುವ ಜಾಗ ಅದು.

ಹಂತ 8: ಕೊನೆಯ ಪರೀಕ್ಷೆ

ಬ್ಯಾಟರಿ ಜೋಡಿಸಿ ಸ್ಕ್ಯಾನರಿನಲ್ಲಿ ಎಲ್ಲ ಕಂಪ್ಯೂಟರುಗಳ ದೋಷದ ಕೋಡ್ ಓದಿ. ಮೊದಲು ಇಲ್ಲದಿದ್ದುದು ಒಂದೂ ಇರಬಾರದು. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8 ದಾಟಿದೆಯೇ ನೋಡಿ. ಎಂಜಿನ್ ನಿಲ್ಲಿಸಿ ಆಯಿಲ್ ಸ್ವಿಚ್ಚಿನ ತಂತಿಯನ್ನು ಬಿಡಿಸಿ, ಇಗ್ನಿಷನ್ ಆನ್ ಇಟ್ಟು ಆ ತಂತಿಯನ್ನು ಅರ್ಥಿಗೆ ತಾಗಿಸಿ: ಕೆಂಪು ದೀಪ ಹತ್ತಬೇಕು. ಹ್ಯಾಂಡ್‌ಬ್ರೇಕ್ ಎಳೆಯಿರಿ, ಇಂಡಿಕೇಟರ್ ಹಾಕಿ, ಒಂದು ಇಂಡಿಕೇಟರ್ ಬಲ್ಬ್ ಕಿತ್ತು ಟಿಕ್ ಟಿಕ್ ವೇಗವಾಗುವುದು ಕೇಳುತ್ತದೆಯೇ ಪರೀಕ್ಷಿಸಿ.

ಆಮೇಲೆ ಖಾಲಿ ಬಯಲಿಗೆ ಹೋಗಿ ನಿಧಾನವಾಗಿ ಓಡಿಸುತ್ತಾ, ಪಕ್ಕದಲ್ಲಿ ಕೂತವರಿಂದ ಟಚ್‌ಸ್ಕ್ರೀನಿನ ಫ್ಯೂಸ್ ಕೀಳಿಸಿ. ಚಿಕ್ಕ ಫಲಕದ ವೇಗ, ದೀಪದ ಪಟ್ಟಿ ಎರಡೂ ಕದಲದೆ ಉಳಿಯಬೇಕು. ಉಳಿಯದಿದ್ದರೆ ನಾಲ್ಕನೇ ಹಂತಕ್ಕೆ ವಾಪಸ್. ರಾತ್ರಿ, ಮಳೆ, ಸೂರ್ಯ ಬೆನ್ನ ಹಿಂದಿರುವ ಸಂಜೆ, ಬಿಸಿಲಲ್ಲಿ ಮೂರು ಗಂಟೆ ನಿಂತ ಮೇಲಿನ ಸ್ಟಾರ್ಟ್, ಇಷ್ಟನ್ನೂ ನೋಡಿದ ಮೇಲೆಯೇ ಮುಚ್ಚುವ ಫಲಕವನ್ನು ಕೊನೆಯ ಸಲ ಬಿಗಿಯಿರಿ.

ಪಿನ್ನುಗಳ ಪಟ್ಟಿ, ನೀವು ಸೇರಿಸಿದ ಪ್ರತಿ ತಂತಿಯ ನಕ್ಷೆ, ಫ್ಯೂಸಿನ ಜಾಗ, ಹಳೆಯ ಮೀಟರಿನ ಸ್ಕ್ರೂ ಮತ್ತು ಕ್ಲಿಪ್ಪುಗಳು ಎಲ್ಲವನ್ನೂ ಒಂದು ದಪ್ಪ ಕವರಿನಲ್ಲಿ ಹಾಕಿ ಗ್ಲವ್‌ಬಾಕ್ಸಿನಲ್ಲಿ ಇಡಿ. ಮುಂದೆ ಈ ಕಾರಿನ ವೈರಿಂಗ್ ಬಿಚ್ಚುವ ಎಲೆಕ್ಟ್ರಿಷಿಯನ್ ಮೊದಲು ನೋಡಬೇಕಾದ್ದು ಅದನ್ನು.